ಸಹ್ಯಾದ್ರಿಯ ಸಿದ್ದಿಯರು

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳ ಕಾಡಿನಂಚಿನಲ್ಲಿ ಸಿದ್ದಿಯರ ಹಳ್ಳಿಗಳಿವೆ. ಗುಂಗುರುಗೂದಲಿನ, ಕಪ್ಪು ಮೈಬಣ್ಣದ ಈ ಜನರನ್ನು ಕಂಡ ಹೊಸಬರು, ಇವರು ಯಾವ ದೇಶದವರೋ ಎಂದು ಬೆರಗಾಗುವುದುಂಟು. ಮಾತನಾಡಿಸಿದರೆ ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಉತ್ತರ ಬರುತ್ತದೆ. ಅವರು ಈ ನೆಲದವರೇ. ಆದರೆ ಅವರ ಪೂರ್ವಿಕರಲ್ಲಿ ಬಹುಮಂದಿ ತಾವಾಗಿ ಇಲ್ಲಿಗೆ ಬಂದವರಲ್ಲ.

ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಪೋರ್ಚುಗೀಸರು ಪೂರ್ವ ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ಗೋವೆಗೆ ತಂದು ಮಾರಿದರು. ಗುಲಾಮರಾಗಿ ಭಾರತಕ್ಕೆ ಬಂದವರೆಲ್ಲರ ಗತಿಯೂ ಒಂದೇ ಆಗಿರಲಿಲ್ಲವೆಂಬುದು ನಿಜ. ಇಥಿಯೋಪಿಯದಲ್ಲಿ ಹುಟ್ಟಿ ದಾಸ್ಯಕ್ಕೆ ಸಿಲುಕಿದ ಮಲಿಕ್ ಅಂಬರನು ಅಹಮದ್‌ನಗರದ ರಾಜ್ಯಭಾರವನ್ನೇ ವಹಿಸಿ, ಮೊಗಲರ ಸೈನ್ಯವನ್ನು ವರ್ಷಗಟ್ಟಲೆ ತಡೆದನು. ಅಂಥ ಭಾಗ್ಯ ಎಲ್ಲೋ ಕೆಲವರದು. ಗೋವೆಯ ಒಡೆಯರ ಮನೆಗಳಲ್ಲಿ ನೊಂದ ಅನೇಕರು ಗಡಿಯನ್ನು ದಾಟಿ ಘಟ್ಟದ ದಟ್ಟಡವಿಯನ್ನು ಹೊಕ್ಕರು. ಅಮೆರಿಕದ ಫ್ಲಾರಿಡಾದಲ್ಲಿಯೂ ಹೀಗೆಯೇ ಆಯಿತು. ತೋಟಗಳಿಂದ ಓಡಿಬಂದ ಆಫ್ರಿಕದ ಗುಲಾಮರು ಅಲ್ಲಿನ ಜೌಗುನಾಡಿನಲ್ಲಿ ಸೆಮಿನೋಲ್ ಎಂಬ ಮೂಲನಿವಾಸಿಗಳ ನೆರೆಯಲ್ಲಿ ಆಶ್ರಯ ಪಡೆದರು. ‘ಸಿದ್ದಿ’ ಎಂಬ ಹೆಸರು ‘ಒಡೆಯ’ ಎಂಬ ಅರ್ಥದ ಅರಬ್ಬೀ ಪದದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಗುಲಾಮರ ಮಕ್ಕಳಿಗೆ ಒಡೆಯನೆಂಬ ಹೆಸರು!

ಕಾಡು ಆಸರೆಯನ್ನಿತ್ತಿತೇ ಹೊರತು ಸಿರಿಯನ್ನು ಕೊಡಲಿಲ್ಲ. ಜೇನು ಮೊದಲಾದ ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸಿ, ಅಡಕೆಯ ತೋಟಗಳಲ್ಲಿ ಕೂಲಿ ಮಾಡಿ ಅವರು ಬದುಕಿದರು. ಸಾಲದ ಹೊರೆಯಿಂದ ಒಬ್ಬನೇ ಒಡೆಯನಲ್ಲಿ ತಲೆಮಾರುಗಳವರೆಗೆ ದುಡಿದ ಕುಟುಂಬಗಳೂ ಇದ್ದವು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ತಾವೆಲ್ಲರೂ ಸಿದ್ದಿಯರೆಂಬ ಭಾವ ಬಲವಾಗಿದೆ. ಮರವನ್ನು ಕೊರೆದು ಚರ್ಮ ಬಿಗಿದ ‘ಡಮಾಮಿ’ ವಾದ್ಯ ಮೊಳಗಿದೊಡನೆ ಹೆಂಗಸರು ಗಂಡಸರೆನ್ನದೆ ಹಾಡಿ ಕುಣಿಯುತ್ತಾರೆ.

ಸಿದ್ದಿ ಹೆಂಗಸರ ಕೌದಿಯಂತೂ ನೋಡತಕ್ಕದ್ದು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಜೋಡಿಸುತ್ತ ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಹೂವನ್ನು ಇಡಬೇಕು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಚಳಿಗೆ ಹೂವಿನಿಂದೇನು ಪ್ರಯೋಜನವೆಂದು ಕೇಳುವವರು ಕೇಳಲಿ.

ಇಷ್ಟು ಕಾಲದಿಂದ ಕಾಡಿನಲ್ಲಿದ್ದರೂ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ನೆರೆಯ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಸಮುದಾಯದಿಂದ ಆ ಸದನವನ್ನು ಪ್ರವೇಶಿಸಿದ ಮೊದಲಿಗರು ಅವರು.