ಹೊಸ ಆಲ್ಬಮ್ ಮಾತ್ರ, ಹಳೆ ಹಾಡು ಒಂದೂ ಇಲ್ಲ: ಡ್ರೀಮ್ ಥಿಯೇಟರ್ ಅಭಿಮಾನಿಗಳು ಎರಡಾಗಿ ಹೋದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಮೊದಲೇ ಒಂದು ಪ್ರಶ್ನೆ. ನಿಮ್ಮ ಇಷ್ಟದ ಬ್ಯಾಂಡ್‌ನ ಶೋಗೆ ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೀರಿ. ಎರಡು ಗಂಟೆಗೂ ಜಾಸ್ತಿ ಶೋ. ಅಷ್ಟೂ ಹೊತ್ತಲ್ಲಿ ನೀವು ವರ್ಷಗಟ್ಟಲೆ ಕೇಳಿದ, ಬಾಯಿಪಾಠ ಆಗಿರೋ ಹಾಡು ಒಂದೂ ಬರಲ್ಲ. ಮೂರು ವಾರದ ಹಿಂದೆ ಬಿಡುಗಡೆ ಆದ ಹೊಸ ಆಲ್ಬಮ್ಮನ್ನ ಮೊದಲ ಹಾಡಿಂದ ಕೊನೆ ಹಾಡಿನವರೆಗೆ ಸಾಲಾಗಿ ನುಡಿಸಿ, ಕೈ ಬೀಸಿ ಹೊರಟುಹೋಗ್ತಾರೆ. ನಿಮಗೆ ಖುಷಿ ಆಗುತ್ತಾ, ಸಿಟ್ಟು ಬರುತ್ತಾ?

ಇದು ಊಹೆಯ ಪ್ರಶ್ನೆ ಅಲ್ಲ. 2016 ರ ಫೆಬ್ರುವರಿ 18 ರಂದು ಲಂಡನ್ನಿನ ಪಲೇಡಿಯಂ ಥಿಯೇಟರ್‌ನಲ್ಲಿ ಅಮೆರಿಕದ ಡ್ರೀಮ್ ಥಿಯೇಟರ್ ಬ್ಯಾಂಡ್ ಇದನ್ನೇ ಮಾಡಿತು. ಆಲ್ಬಮ್ ಹೆಸರು ‘ದಿ ಅಸ್ಟಾನಿಷಿಂಗ್’. ಬಂದಿದ್ದು ಅದೇ ವರ್ಷ ಜನವರಿ 29 ಕ್ಕೆ. ಅಲ್ಲಿಂದ ಮುಂದೆ ಊರೂರಲ್ಲಿ ಇದೇ ಶೋ. ಅಭಿಮಾನಿಗಳು ನೇರವಾಗಿ ಎರಡು ಪಕ್ಷ ಆದರು. ಒಂದು ಪಕ್ಷಕ್ಕೆ ಅದು ಈ ಬ್ಯಾಂಡ್ ಕೊಟ್ಟ ಅತ್ಯುತ್ತಮ ಸಂಜೆ. ಇನ್ನೊಂದು ಪಕ್ಷಕ್ಕೆ ಮೋಸ. ಇಷ್ಟು ವರ್ಷ ಆದಮೇಲೂ ಡ್ರೀಮ್ ಥಿಯೇಟರ್ ಕೇಳೋ ಇಬ್ಬರು ಸೇರಿದ ಕಡೆ ಈ ಜಗಳ ತೆಗೆದರೆ ಅರ್ಧ ಗಂಟೆ ಗ್ಯಾರಂಟಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಡ್ರೀಮ್ ಥಿಯೇಟರ್ ಹುಟ್ಟಿದ್ದು 1985 ರಲ್ಲಿ, ಬೋಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದ್ತಿದ್ದ ಮೂವರು ಹುಡುಗರಿಂದ. ಗಿಟಾರ್‌ಗೆ ಜಾನ್ ಪೆಟ್ರೂಚಿ, ಬೇಸ್‌ಗೆ ಜಾನ್ ಮ್ಯೂಂಗ್, ಡ್ರಮ್ಸ್‌ಗೆ ಮೈಕ್ ಪೋರ್ಟ್‌ನಾಯ್. ಇವರದ್ದು ಪ್ರೋಗ್ರೆಸಿವ್ ಮೆಟಲ್. ಅಂದರೆ ಮೆಟಲ್‌ನ ಭಾರ, ಜೊತೆಗೆ ಉದ್ದುದ್ದ ರಚನೆ, ಹಾಡಿನ ಮಧ್ಯೆ ಮಧ್ಯೆ ಬದಲಾಗೋ ಲೆಕ್ಕ. ಕರ್ನಾಟಕ ಸಂಗೀತ ಸ್ವಲ್ಪ ಕಲಿತವರಿಗೆ ಮಿಶ್ರಛಾಪು ಗೊತ್ತು, ಮೂರು ಸೇರಿಸು ನಾಲ್ಕು, ಒಟ್ಟು ಏಳು. ಆ ಥರದ ಏಳರ ಎಣಿಕೆ ಇಲ್ಲಿ ಮಾಮೂಲಿ. ನೀವು ಏಳಕ್ಕೆ ತಲೆ ಆಡಿಸೋದು ರೂಢಿ ಮಾಡ್ಕೊಳ್ಳೋ ಹೊತ್ತಿಗೆ ಅವರು ಐದಕ್ಕೋ ಒಂಬತ್ತಕ್ಕೋ ಹೋಗಿರ್ತಾರೆ. ಅದಕ್ಕೇ ಈ ಸಂಗೀತ ಒಂದೇ ಸಲಕ್ಕೆ ಒಳಗೆ ಇಳಿಯಲ್ಲ, ಹತ್ತು ಸಲ ಕೇಳಬೇಕು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾನ್ಸೆಪ್ಟ್ ಆಲ್ಬಮ್ ಅಂದರೆ ಎಲ್ಲಾ ಹಾಡು ಸೇರಿ ಒಂದೇ ಕಥೆ ಅಥವಾ ಒಂದೇ ವಿಷಯ ಹೇಳೋದು. ‘ದಿ ಅಸ್ಟಾನಿಷಿಂಗ್’ ಈ ವಿಷಯದಲ್ಲಿ ಅತಿರೇಕಕ್ಕೆ ಹೋದ ಆಲ್ಬಮ್. ಎರಡು ಡಿಸ್ಕ್, 34 ಟ್ರ್ಯಾಕ್, ಎರಡು ಗಂಟೆ ದಾಟೋ ಉದ್ದ. ಕಥೆ ಪೆಟ್ರೂಚಿಯದ್ದು. ಸಂಗೀತ ಅವರದ್ದು ಮತ್ತು ಕೀಬೋರ್ಡ್‌ನ ಜೋರ್ಡನ್ ರೂಡೆಸ್ ಅವರದ್ದು. ಪ್ರಾಗ್‌ನ ಆರ್ಕೆಸ್ಟ್ರಾ ಇದೆ, ಗಾಯಕವೃಂದ ಇದೆ. ಕಥೆ ನಡೆಯೋದು 2285 ರಲ್ಲಿ. ಅಮೆರಿಕ ಒಂದು ಸಾಮ್ರಾಜ್ಯ ಆಗಿದೆ, ಮನುಷ್ಯರು ಸಂಗೀತ ಮರೆತಿದ್ದಾರೆ, ‘ನೊಮ್ಯಾಕ್ಸ್’ ಅನ್ನೋ ಹಾರಾಡೋ ಯಂತ್ರಗಳಷ್ಟೇ ಸದ್ದು ಮಾಡುತ್ತವೆ. ರೇವನ್‌ಸ್ಕಿಲ್ ಅನ್ನೋ ಹಳ್ಳಿಯ ಗೇಬ್ರಿಯಲ್‌ಗೆ ಮಾತ್ರ ಸಂಗೀತ ಒಲಿದಿದೆ. ಚಕ್ರವರ್ತಿಯ ಮಗಳು ಫೇತ್ ಅವನನ್ನ ನೋಡ್ತಾಳೆ. ಮುಂದಿನದ್ದು ನಮ್ಮ ಸಿನಿಮಾ ನೋಡಿ ಬೆಳೆದವರಿಗೆ ಹೇಳೋದೇ ಬೇಡ. ಬಡ ಹುಡುಗ, ರಾಜಕುಮಾರಿ, ಎರಡೂ ಮನೆಯ ಸಹೋದರರು, ಒಂದು ಕತ್ತಿ. ಈ ಎಲ್ಲಾ ಪಾತ್ರಗಳಿಗೂ ದನಿ ಒಬ್ಬರದ್ದೇ, ಗಾಯಕ ಜೇಮ್ಸ್ ಲಬ್ರೀ. ಹರಿಕಥೆ ದಾಸರು ರಾಮನೂ ತಾನೇ ರಾವಣನೂ ತಾನೇ ಆಗ್ತಾರಲ್ಲ, ಹಾಗೆ.

ಇನ್ನು ಶೋ. ಆ ಪ್ರವಾಸಕ್ಕೆ ಹೆಚ್ಚಾಗಿ ಕುರ್ಚಿ ಇರೋ ಥಿಯೇಟರ್‌ಗಳನ್ನೇ ಆರಿಸಿದ್ದರು. ಎರಡು ಅಂಕ, ಮಧ್ಯೆ ವಿರಾಮ. ಹಿಂದೆ ಪರದೆಗಳ ಮೇಲೆ ಕಥೆಯ ದೃಶ್ಯಗಳು, ಕೋಟೆ, ಹಳ್ಳಿ, ಹಾರೋ ಯಂತ್ರಗಳು. ಲೈಟು, ವಿಡಿಯೊ, ಮೊದಲೇ ರೆಕಾರ್ಡ್ ಆಗಿರೋ ಆರ್ಕೆಸ್ಟ್ರಾ, ಇವೆಲ್ಲಾ ನುಡಿಸೋರ ಜೊತೆ ಸೆಕೆಂಡ್ ಲೆಕ್ಕದಲ್ಲಿ ಕೂಡಬೇಕು. ಹೀಗಾಗಿ ಇವತ್ತು ಆ ಹಾಡು ಬಿಟ್ಟು ಇನ್ನೊಂದು ನುಡಿಸೋಣ ಅನ್ನೋ ಹಾಗಿಲ್ಲ. ಕೊನೆಗೆ ವೇದಿಕೆಗೆ ವಾಪಸ್ ಬಂದರೂ ನುಡಿಸೋದು ಅದೇ ಆಲ್ಬಮ್‌ನ ಕೊನೆ ಹಾಡು. (ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತೆ. ಯಂತ್ರದ ಸಂಗೀತದ ವಿರುದ್ಧ ಮನುಷ್ಯನ ಹಾಡು ಗೆಲ್ಲೋ ಕಥೆ. ಅದನ್ನ ಹೇಳೋಕೆ ಇಡೀ ಶೋ ಕಂಪ್ಯೂಟರ್‌ನ ಎಣಿಕೆಗೆ ಕಟ್ಟುಬಿದ್ದಿದೆ.)

ಮೆಚ್ಚಿದವರು ಏನಂದರು? ಮನೇಲಿ ಕೇಳುವಾಗ ಗೊಂದಲ ಆಗಿದ್ದು ವೇದಿಕೆಯಲ್ಲಿ ತಿಳಿಯಾಯ್ತು ಅಂದರು. ಯಾವ ಪಾತ್ರ ಯಾವಾಗ ಹಾಡ್ತಿದೆ ಅಂತ ಚಿತ್ರ ನೋಡಿದಾಗಲೇ ಗೊತ್ತಾಗಿದ್ದು. ಲಬ್ರೀ ದನಿಯನ್ನ ಇಷ್ಟು ಮೆಲ್ಲಗೆ, ಇಷ್ಟು ಬಗೆಯಲ್ಲಿ ಕೇಳಿದ್ದೇ ಮೊದಲು ಅಂದರು. ಮೂವತ್ತು ವರ್ಷ ಹಳೇ ಬ್ಯಾಂಡ್ ಸುಲಭದ ದಾರಿ ಬಿಟ್ಟು ಇಷ್ಟು ದೊಡ್ಡ ರಿಸ್ಕ್ ತಗೊಳ್ತಲ್ಲ, ಅದೇ ಪ್ರೋಗ್ರೆಸಿವ್ ಅನ್ನೋ ಪದಕ್ಕೆ ಅರ್ಥ ಅಂದರು.

ಸಿಟ್ಟಾದವರ ಪಟ್ಟಿ ಇನ್ನೂ ಉದ್ದ. ಹಳೆ ಹಾಡಿಲ್ಲ ಅನ್ನೋದು ಮೊದಲನೇದು. ಕುರ್ಚಿಯಲ್ಲಿ ಕೂತು ಮೆಟಲ್ ಕೇಳೋದು ಹೇಗೆ ಅನ್ನೋದು ಎರಡನೇದು. ಕಥೆ ತೀರಾ ಸಾದಾ, ಹಾಡುಗಳಲ್ಲಿ ನಿಧಾನದ್ದೇ ಜಾಸ್ತಿ, ಭಾರ ಕಡಿಮೆ. ಆ ನೊಮ್ಯಾಕ್ಸ್ ಯಂತ್ರಗಳ ಗುಯ್‌ಗುಡೋ ಸದ್ದಿಗೇ ಆಲ್ಬಮ್ಮಲ್ಲಿ ಐದು ಟ್ರ್ಯಾಕ್ ಕೊಟ್ಟಿದ್ದಾರೆ. ಅದನ್ನ ದುಡ್ಡು ಕೊಟ್ಟು ಕೂತು ಕೇಳಬೇಕಾ ಅನ್ನೋದೂ ಇತ್ತು. ಇನ್ನೊಂದು ದೂರು ಹಳೆ ಅಭಿಮಾನಿಗಳದ್ದು. ಪೋರ್ಟ್‌ನಾಯ್ ಬ್ಯಾಂಡಲ್ಲಿ ಇದ್ದಷ್ಟು ದಿನ, ಅಂದರೆ 2010 ರವರೆಗೆ, ಹಾಡುಗಳ ಪಟ್ಟಿಯನ್ನ ಊರಿಂದ ಊರಿಗೆ ಬದಲಾಯಿಸೋದಕ್ಕೆ ಹೆಸರಾಗಿದ್ದರು. ಹಾಗಾಗಿ ಒಂದೇ ಪ್ರವಾಸದ ಎರಡು ಮೂರು ಶೋ ನೋಡೋಕೆ ಜನ ಪ್ರಯಾಣ ಮಾಡ್ತಿದ್ದರು. ಈಗ ಪ್ರತಿ ರಾತ್ರಿ ಅದೇ ಕ್ರಮ. ಒಂದು ಸಲ ನೋಡಿದರೆ ಮುಗೀತು.

ಮೊದಲು ನಾನೂ ಈ ಎರಡನೇ ಪಕ್ಷವೇ. ಆಲ್ಬಮ್ಮನ್ನ ಫೋನಲ್ಲಿ ಹಾಕಿ, ಇಪ್ಪತ್ತು ನಿಮಿಷಕ್ಕೆ ಬೇಸರ ಬಂದು, ಶಫಲ್ ಒತ್ತಿದವನು ನಾನು. ಕಥೆ ಹೇಳೋ ಆಲ್ಬಮ್ಮಿಗೆ ಶಫಲ್ ಒತ್ತೋದು ಅಂದರೆ ಕಾದಂಬರಿಯ ಪುಟ ಕಿತ್ತು ಕಲಸಿ ಓದಿದ ಹಾಗೆ. ಆಮೇಲೆ ಬುದ್ಧಿ ಬಂತು. ಆದರೆ ಈ ಸಂಚಿಕೆಗೆ ತಯಾರಿ ಮಾಡುವಾಗ ನನ್ನ ತಲೆ ಕೆಡಿಸಿದ್ದು ಬೇರೆ. ಇದೇ ಬ್ಯಾಂಡ್ ಹದಿನಾರು ವರ್ಷ ಮೊದಲು ಇದೇ ಕೆಲಸ ಮಾಡಿತ್ತು. ಆಗ ಜನ ತಲೆ ಮೇಲೆ ಹೊತ್ತು ಮೆರೆಸಿದ್ದರು!

ಆ ಕಥೆ ಕೇಳಿ. 1992 ರಲ್ಲಿ ಬಂದ ‘ಇಮೇಜಸ್ ಅಂಡ್ ವರ್ಡ್ಸ್’ ಆಲ್ಬಮ್‌ನಲ್ಲಿ ‘ಮೆಟ್ರೊಪೊಲಿಸ್’ ಅಂತ ಒಂದು ಹಾಡಿತ್ತು. ಹೆಸರಿನ ಜೊತೆ ‘ಭಾಗ 1’ ಅಂತ ತಮಾಷೆಗೆ ಸೇರಿಸಿದ್ದರು. ಅಭಿಮಾನಿಗಳು ಬಿಡ್ತಾರಾ? ಭಾಗ 2 ಎಲ್ಲಿ ಅಂತ ವರ್ಷಗಟ್ಟಲೆ ಕೇಳಿದರು. ಕೊನೆಗೆ 1999 ರ ಅಕ್ಟೋಬರ್‌ನಲ್ಲಿ ‘ಮೆಟ್ರೊಪೊಲಿಸ್ ಭಾಗ 2: ಸೀನ್ಸ್ ಫ್ರಮ್ ಎ ಮೆಮೊರಿ’ ಬಂತು. 77 ನಿಮಿಷದ ಒಂದೇ ಕಥೆ. ನಿಕೊಲಸ್ ಅನ್ನೋ ವ್ಯಕ್ತಿ ಸಮ್ಮೋಹನ ಚಿಕಿತ್ಸೆಗೆ ಒಳಗಾಗ್ತಾನೆ. ಹಿಂದಿನ ಜನ್ಮದಲ್ಲಿ ತಾನು ವಿಕ್ಟೋರಿಯಾ ಅನ್ನೋ ಹೆಣ್ಣಾಗಿದ್ದೆ, 1928 ರಲ್ಲಿ ಕೊಲೆಯಾಗಿ ಸತ್ತೆ ಅಂತ ಅವನಿಗೆ ತಿಳಿಯುತ್ತೆ. ಕೊಂದವರು ಯಾರು? ಆಲ್ಬಮ್ ಕೊನೆಗೆ ಚಿಕಿತ್ಸಕ ನಿಕೊಲಸ್‌ನ ಮನೆಗೆ ಬರ್ತಾನೆ. ಆಮೇಲೆ ಏನಾಯ್ತು ಅಂತ ಸ್ಪಷ್ಟವಾಗಿ ಹೇಳದೆ ಬರೀ ಕರಕರ ಸದ್ದಿನಲ್ಲಿ ಮುಗಿಯುತ್ತೆ. ಆ ಸದ್ದಿನ ಅರ್ಥ ಏನು, ಆ ಚಿಕಿತ್ಸಕ ಯಾರು ಅಂತ ಕೇಳುಗರು ಸಾಲು ಸಾಲು ಬಿಡಿಸಿ ವಾದ ಮಾಡಿದರು. ಬ್ಯಾಂಡ್ ಒಗಟು ಬಿಡಿಸಿದ್ದು 2001 ರಲ್ಲಿ, ಕನ್ಸರ್ಟ್‌ನ ಡಿವಿಡಿ ಬಂದಾಗ.

ಆ ಕನ್ಸರ್ಟ್ ನಡೆದಿದ್ದು 2000 ದ ಆಗಸ್ಟ್ 30 ಕ್ಕೆ, ನ್ಯೂಯಾರ್ಕ್‌ನ ರೋಸ್‌ಲ್ಯಾಂಡ್ ಬಾಲ್‌ರೂಮ್‌ನಲ್ಲಿ. ಪೂರ್ತಿ ಆಲ್ಬಮ್ ನುಡಿಸಿದರು, ಜೊತೆಗೆ ಗಾಸ್ಪೆಲ್ ಗಾಯಕರನ್ನ ಕರೆಸಿದರು. ಆದರೆ ಅಷ್ಟಕ್ಕೇ ಮನೆಗೆ ಕಳಿಸಲಿಲ್ಲ, ಹಳೆ ಹಾಡುಗಳನ್ನೂ ನುಡಿಸಿದರು. ಆ ರಾತ್ರಿಯ ಧ್ವನಿಮುದ್ರಣ ಮೂರು ಸೀಡಿ ತುಂಬಿದೆ, ಮೂರು ಗಂಟೆ ಮೇಲೆ. ಅದರ ಒಂದು ವಿಚಿತ್ರ ದುರದೃಷ್ಟ ಹೇಳಿಬಿಡ್ತೀನಿ. ಮುಖಪುಟದಲ್ಲಿ ಬೆಂಕಿ ಹೊತ್ತಿರೋ ಸೇಬು, ಜ್ವಾಲೆಯೊಳಗೆ ನ್ಯೂಯಾರ್ಕ್ ಕಟ್ಟಡಗಳು, ಅವಳಿ ಗೋಪುರ ಸಮೇತ. ಬಿಡುಗಡೆ ದಿನ 2001 ರ ಸೆಪ್ಟೆಂಬರ್ 11. ತಕ್ಷಣ ವಾಪಸ್ ತರಿಸಿ, ಮುಖಪುಟ ಬದಲಿಸಿ ಮತ್ತೆ ಬಿಟ್ಟರು.

ಹಾಗಾದರೆ 2000 ದಲ್ಲಿ ಹೂವು, 2016 ರಲ್ಲಿ ಕಲ್ಲು ಯಾಕೆ? ಹಳೆ ಹಾಡು ಸಿಗಲಿಲ್ಲ ಅನ್ನೋದು ಅರ್ಧ ಉತ್ತರ ಅಷ್ಟೇ. ಅದೊಂದೇ ಆಗಿದ್ದರೆ ಅಷ್ಟು ಕಹಿ ಉಳೀತಿರಲಿಲ್ಲ. ನನಗೆ ಅನಿಸೋದು ಇದು. ಮೊದಲನೇ ಕಥೆಯಲ್ಲಿ ಅಭಿಮಾನಿಗೆ ಒಂದು ಜಾಗ ಇತ್ತು. ಭಾಗ 2 ಬೇಕು ಅಂತ ಕೇಳಿದ್ದೇ ಅವರು, ಕೊಲೆಗಾರನನ್ನ ಹುಡುಕಿದ್ದೂ ಅವರು. ಶೋಗೆ ಹೋದಾಗ ಆಲ್ಬಮ್ ಬಂದು ತಿಂಗಳುಗಳಾಗಿತ್ತು, ಎಣಿಕೆ ಎಲ್ಲಿ ಬದಲಾಗುತ್ತೆ ಅಂತ ಕೈಬೆರಳಿಗೆ ಗೊತ್ತಿತ್ತು. ‘ದಿ ಅಸ್ಟಾನಿಷಿಂಗ್’ ಬರುವಾಗಲೇ ಎಲ್ಲಾ ತುಂಬಿಕೊಂಡು ಬಂತು. ನಕಾಶೆ ಇತ್ತು, ಪಾತ್ರಗಳ ಚಿತ್ರ ಇತ್ತು, ಯಾವ ಸಾಲು ಯಾರದ್ದು ಅಂತಲೂ ಬರೆದಿತ್ತು. ಕೇಳುಗನಿಗೆ ಊಹೆ ಮಾಡೋಕೆ ಏನೂ ಉಳಿದಿರಲಿಲ್ಲ. ಲಂಡನ್‌ನವರಿಗೆ ಸಿಕ್ಕಿದ್ದು ಇಪ್ಪತ್ತೇ ದಿನ. ಕಲಿಯೋಕೆ ಟೈಮೂ ಇಲ್ಲ, ಕೂಗೋಕೆ ಹಾಡೂ ಇಲ್ಲ, ಏಳೋ ಹಾಗೂ ಇಲ್ಲ. ಯಕ್ಷಗಾನಕ್ಕೆ ರಾತ್ರಿಯಿಡೀ ಕೂರೋ ಜನಕ್ಕೆ ಪ್ರಸಂಗ ಮೊದಲೇ ಗೊತ್ತಿರುತ್ತೆ. ಅದಕ್ಕೇ ಅವರು ಕಥೆ ಬಿಟ್ಟು ಕುಣಿತ, ಮಾತು, ಭಾಗವತರ ಪದ ಸವೀತಾರೆ. ಇಲ್ಲಿ ಕಥೆಯನ್ನೇ ಹಿಂಬಾಲಿಸೋದರಲ್ಲಿ ಉಸಿರು ಹೋಯ್ತು.

ಈ ಟೈಮಿನ ವಿಷಯ ಬೇರೆ ಬ್ಯಾಂಡ್‌ಗಳಲ್ಲೂ ಕಾಣುತ್ತೆ. ಇಂಗ್ಲೆಂಡಿನ ಜೆನೆಸಿಸ್ 1974 ರ ನವೆಂಬರ್‌ನಲ್ಲಿ ತಮ್ಮ ಜೋಡಿ ಆಲ್ಬಮ್ ‘ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ಯನ್ನ ಅಮೆರಿಕದಲ್ಲಿ ಪೂರ್ತಿ ನುಡಿಸೋಕೆ ಶುರು ಮಾಡಿದಾಗ ಅದು ಆಗಷ್ಟೇ ಅಂಗಡಿಗೆ ಬರ್ತಿತ್ತು. ಕೇಳದೇ ಇರೋ ಒಂದೂವರೆ ಗಂಟೆ ಸಂಗೀತದ ಎದುರು ಜನ ಕೂತಿದ್ದರು. ಕ್ವೀನ್ಸ್‌ರೈಕ್ ಇದಕ್ಕೆ ಉಲ್ಟಾ. ‘ಆಪರೇಷನ್: ಮೈಂಡ್‌ಕ್ರೈಮ್’ ಬಂದಿದ್ದು 1988 ರಲ್ಲಿ. ಅದನ್ನ ಪೂರ್ತಿ ವೇದಿಕೆಗೆ ತಂದಿದ್ದು ಮುಂದಿನ ಆಲ್ಬಮ್‌ನ ಪ್ರವಾಸದಲ್ಲಿ. ಅಷ್ಟರಲ್ಲಿ ಜನಕ್ಕೆ ಕಥೆ ಪಾಠ ಆಗಿತ್ತು.

ನಮ್ಮ ಊರಿಗೂ ಈ ಕಥೆಯ ಒಂದು ಎಳೆ ಬಂದಿದೆ. ಐರನ್ ಮೇಡನ್ 2006 ರಲ್ಲಿ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಮ್ಮನ್ನ ಪ್ರವಾಸದಲ್ಲಿ ಪೂರ್ತಿ ನುಡಿಸಿತು. ಅದು ಪೂರಾ ಕಾನ್ಸೆಪ್ಟ್ ಆಲ್ಬಮ್ ಅಲ್ಲ, ಆದರೆ ಯುದ್ಧ ಮತ್ತು ಧರ್ಮ ಅದರ ಉದ್ದಕ್ಕೂ ಇದೆ. ಅಲ್ಲೂ ಅಭಿಮಾನಿಗಳು ಒಡೆದರು, ಹಳೇದು ನುಡಿಸಿ ಅಂದವರು ಬಹಳ. 2007 ರ ಮಾರ್ಚ್ 17 ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಅದೇ ಪ್ರವಾಸ ಬರೋ ಹೊತ್ತಿಗೆ ಪಟ್ಟಿ ಬದಲಾಗಿತ್ತು. ಹೊಸ ಆಲ್ಬಮ್‌ನ ಕೆಲವೇ ಹಾಡು, ಉಳಿದದ್ದು ಹಳೇ ಜನಪ್ರಿಯ ಹಾಡು. ಅಷ್ಟು ವರ್ಷ ಕಾದಿದ್ದ ನಮ್ಮ ಜನಕ್ಕೆ ಅದೇ ಸರಿ ಇತ್ತು ಅನ್ನಿ. ಮೊದಲ ಸಲ ಮನೆಗೆ ಬಂದ ನೆಂಟ ಪೂರ್ತಿ ಹೊಸ ಆಲ್ಬಮ್ ಹಾಕಿ ಕೂರಿಸಿದ್ದರೆ ನಾವೂ ಗೊಣಗ್ತಿದ್ದೆವು.

ಇನ್ನು ಡ್ರೀಮ್ ಥಿಯೇಟರ್‌ಗೆ ವಾಪಸ್. ಅವರು 2017 ರಲ್ಲಿ ‘ಇಮೇಜಸ್ ಅಂಡ್ ವರ್ಡ್ಸ್’ನ 25 ವರ್ಷಕ್ಕೆ ಆ ಆಲ್ಬಮ್ ಪೂರ್ತಿ ನುಡಿಸಿದರು. 2019 ರಲ್ಲಿ ‘ಸೀನ್ಸ್ ಫ್ರಮ್ ಎ ಮೆಮೊರಿ’ಯ 20 ವರ್ಷಕ್ಕೆ ಅದನ್ನೂ ಪೂರ್ತಿ ನುಡಿಸಿದರು. ಆಗ ಯಾರೂ ಇಡೀ ಆಲ್ಬಮ್ ಯಾಕೆ ಅನ್ನಲಿಲ್ಲ, ಜೊತೆಗೆ ಹಾಡಿದರು. 2023 ರಲ್ಲಿ ಪೋರ್ಟ್‌ನಾಯ್ ಮರಳಿದರು. 2025 ರ ಫೆಬ್ರುವರಿಯಲ್ಲಿ ನಿದ್ದೆಯ ತೊಂದರೆಗಳನ್ನೇ ವಿಷಯ ಮಾಡ್ಕೊಂಡ ‘ಪ್ಯಾರಾಸೋಮ್ನಿಯಾ’ ಬಂತು. ಅದನ್ನ ಪೂರ್ತಿ ನುಡಿಸೋ ಅಮೆರಿಕ ಪ್ರವಾಸ ಇಟ್ಟುಕೊಂಡಿದ್ದು ಅದೇ ವರ್ಷ ಸೆಪ್ಟೆಂಬರ್‌ನಿಂದ, ಅಂದರೆ ಆಲ್ಬಮ್ ಬಂದು ಏಳು ತಿಂಗಳು ಬಿಟ್ಟು. ಜೊತೆಗೆ 1995 ರ ಹಳೇ ದೊಡ್ಡ ಹಾಡು ‘ಎ ಚೇಂಜ್ ಆಫ್ ಸೀಸನ್ಸ್’ ಕೂಡ, ಇಪ್ಪತ್ತಮೂರು ನಿಮಿಷ, ಪೂರ್ತಿ.

ಹಾಗಂತ 2016 ರ ಶೋ ತಪ್ಪು ಅಂತ ನಾನು ಈಗ ಹೇಳಲ್ಲ. ಕೆಲವು ವಾರದ ಹಿಂದೆ ‘ದಿ ಅಸ್ಟಾನಿಷಿಂಗ್’ನ ಮೊದಲ ಅಂಕವನ್ನ ಸಾಹಿತ್ಯ ಎದುರಿಗಿಟ್ಟು, ಫೋನ್ ದೂರ ಇಟ್ಟು, ಕೂತು ಕೇಳಿದೆ. ಲಬ್ರೀ ಚಕ್ರವರ್ತಿಯಿಂದ ಮಗಳಿಗೆ ದನಿ ಬದಲಿಸೋ ಜಾಗಗಳು ಸಿಕ್ಕವು, ಮೊದಲು ಸಿಕ್ಕಿರಲಿಲ್ಲ. ನೊಮ್ಯಾಕ್ಸ್ ಟ್ರ್ಯಾಕ್ ಬಂದಾಗ ಮಾತ್ರ ಈಗಲೂ ಕೈ ತಾನಾಗೇ ಸ್ಕಿಪ್ ಕಡೆ ಹೋಯ್ತು. ನೀವು ಹೊಸಬರಾದರೆ ಇದರಿಂದ ಶುರು ಮಾಡಬೇಡಿ, 1999 ರ ಆಲ್ಬಮ್‌ನಿಂದ ಮಾಡಿ. 77 ನಿಮಿಷ, ಶಫಲ್ ಆಫ್. ಕೊನೆಯ ಕರಕರ ಸದ್ದು ಏನು ಅಂತ ನಿಮಗನಿಸಿದ್ದನ್ನ ನಮಗೆ ವಾಯ್ಸ್ ಮೆಸೇಜ್ ಮಾಡಿ, ಉತ್ತರ ಹುಡುಕೋಕೆ ಮುಂಚೆ.