ಸೀಟಿನ ಕೊನೆಯ ಅಕ್ಷರ ಮತ್ತು ಆದರ್ಶ ವಿದ್ಯಾಲಯ

ಸಿಇಟಿ ಸೀಟು ಸಿಕ್ಕಾಗ ನಾವೆಲ್ಲ ನೋಡಿದ್ದು ಎರಡೇ: ಯಾವ ಕಾಲೇಜು, ಯಾವ ಬ್ರಾಂಚು. ಅದರ ಜೊತೆಗೆ 2ಎಜಿ, 3ಬಿಆರ್, ಜಿಎಂಕೆ ಅಂತ ಒಂದು ಕೋಡೂ ಇತ್ತಲ್ಲ? ಕೊನೆಯ 'ಆರ್' ಅಂದರೆ ಗ್ರಾಮೀಣ, 'ಕೆ' ಅಂದರೆ ಕನ್ನಡ ಮಾಧ್ಯಮ. ಆ ಅಕ್ಷರ ನಮ್ಮ ಪಾಲಿಗೆ ಉಳಿಯುತ್ತೋ ಇಲ್ಲವೋ ಅನ್ನೋದು ಎಷ್ಟೋ ಸಲ ಐದನೇ ಕ್ಲಾಸು ಮುಗಿದಾಗಲೇ ತೀರ್ಮಾನ ಆಗಿರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳಿಗೆ ಅದು ಹೇಗೆ ಅಂತ ನೋಡೋಣ.

ಈ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರಿ ಆದರ್ಶ ವಿದ್ಯಾಲಯಗಳಿವೆ. 2008ರಲ್ಲಿ ಕೇಂದ್ರ ಸರ್ಕಾರ ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗಾಗಿ ಮಾದರಿ ಶಾಲೆಗಳ ಯೋಜನೆ ತಂದಿತು. ಹಿಂದುಳಿದಿದೆ ಅನ್ನೋದಕ್ಕೆ ಅಳತೆ 2001ರ ಜನಗಣತಿ: ಗ್ರಾಮೀಣ ಮಹಿಳೆಯರ ಸಾಕ್ಷರತೆ ದೇಶದ ಸರಾಸರಿಯಾದ ಶೇ. 46.13ಕ್ಕಿಂತ ಕಡಿಮೆ ಇರಬೇಕು, ಗಂಡು-ಹೆಣ್ಣಿನ ಸಾಕ್ಷರತೆಯ ಅಂತರ ಸರಾಸರಿಗಿಂತ ಹೆಚ್ಚಿರಬೇಕು. ಹಾಗೆ ಕರ್ನಾಟಕಕ್ಕೆ ಬಂದ ಶಾಲೆಗಳು 74. 2015ರಲ್ಲಿ ಕೇಂದ್ರ ಕೈಬಿಟ್ಟ ಮೇಲೂ ರಾಜ್ಯ ಸರ್ಕಾರ ಅವನ್ನು ನಡೆಸಿಕೊಂಡು ಬಂದಿದೆ.

ಇಲ್ಲಿ 6ರಿಂದ 10ನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ. ಪ್ರವೇಶ ಪರೀಕ್ಷೆ ಬರೆದು ಬರಬೇಕು. ಆರನೇ ಕ್ಲಾಸಿಗೆ 80 ಸೀಟು. ಲಸಾಅ 'ಎಲ್‌ಸಿಎಂ' ಆಗಿ, ಭಿನ್ನರಾಶಿ 'ಫ್ರ್ಯಾಕ್ಷನ್' ಆಗಿ ಬದಲಾಗುವ ಗಲಿಬಿಲಿ ಹನ್ನೊಂದನೇ ವಯಸ್ಸಿಗೇ ಬರುತ್ತದೆ. ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಅದನ್ನೇ ಪಿಯುಸಿಯಲ್ಲಿ, ಸಿಇಟಿ ತಯಾರಿಯ ನಡುವೆ ಎದುರಿಸಿದ್ದೇವೆ. ಬೇಗ ಎಡವಿದವರು ಬೇಗ ಏಳುತ್ತಾರೆ. ಲಾಭ ಇದು.

ಈಗ ನಷ್ಟ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮ ಕೋಟಾ ಶೇ. 5. ಎರಡಕ್ಕೂ 1ರಿಂದ 10ರವರೆಗಿನ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು. ಆದರ್ಶಕ್ಕೆ ಸೇರಿದ ದಿನವೇ 'ಕೆ' ಹೋಯಿತು. 'ಆರ್'ಗೆ ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆಯೂ ಗ್ರಾಮೀಣ ಪ್ರದೇಶದಲ್ಲಿರಬೇಕು. ದಿನಾ ಬಸ್ಸು ಹತ್ತಿ ಬರುವ ಹುಡುಗಿಯ ಶಾಲೆ ಪುರಸಭೆ ಗಡಿಯೊಳಗಿದ್ದರೆ ಅದೂ ಹೋಯಿತು. ಗಡಿಯಾಚೆ ಇದ್ದರೆ ಉಳಿಯಿತು.

ಹಾಗಾದ್ರೆ ಸೇರಲೇಬಾರದಾ? ನಾವು ಹಾಗೆ ಹೇಳುವುದಿಲ್ಲ. ಕೋಟಾ ಸೀಟು ಕೊಡಿಸುತ್ತೆ, ಸೆಮಿಸ್ಟರ್ ಪಾಸ್ ಮಾಡಿಸಲ್ಲ. ಐದು ವರ್ಷದ ಒಳ್ಳೆ ಪಾಠ ಸಣ್ಣ ಮಾತಲ್ಲ. ಆದರೆ ಏನು ಕೊಟ್ಟು ಏನು ತಗೋತಿದ್ದೇವೆ ಅನ್ನೋದು ಮನೆಯವರಿಗೆ ಗೊತ್ತಿರಬೇಕು. ಆ 80ರಲ್ಲಿ ಹೆಸರು ಬಾರದೆ ಊರಿನ ಕನ್ನಡ ಶಾಲೆಯಲ್ಲೇ ಉಳಿದ ಮಗುವಿಗೂ ಗೊತ್ತಿರಬೇಕು: ಅದರ ಕೈಯಲ್ಲಿ 'ಆರ್', 'ಕೆ' ಎರಡೂ ಇನ್ನೂ ಇವೆ.

ಈ ರಜೆಗೆ ಊರಿಗೆ ಹೋದಾಗ ಯಾರಾದರೂ "ಹುಡುಗನ್ನ ಆದರ್ಶಕ್ಕ ಹಚ್ಚೂಣೇನು?" ಅಂತ ಕೇಳಿದರೆ, ಬರೀ "ಹಚ್ಚರಿ" ಅನ್ನಬೇಡಿ. ಶಾಲೆ ಯಾರ ಗಡಿಯಲ್ಲಿದೆ ಅಂತ ಬಿಇಒ ಕಚೇರಿಯಲ್ಲಿ ಕೇಳಿ ಬರಲಿಕ್ಕೆ ಹೇಳಿ. ಆಮೇಲೆ ಕೂತು ಈ ಲೆಕ್ಕ ಬಿಡಿಸಿ ಹೇಳಿ.