ಮೊಡವೆಗೆ ನುಂಗುವ ಮಾತ್ರೆ

ಮೊಡವೆ ಏಳುವುದು ಮುಖದ ಮೇಲೆ. ಮಾತ್ರೆ ಇಳಿಯುವುದು ಹೊಟ್ಟೆಯೊಳಕ್ಕೆ. ಇವೆರಡರ ನಡುವಣ ದಾರಿ ಎಂಥದು, ಆ ದಾರಿಯಲ್ಲಿ ಮಾತ್ರೆಯು ಇನ್ನಾವ ಯಾವ ಅಂಗಗಳನ್ನು ಹಾದುಹೋಗುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂಥ ಊರಿನ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಹದಿನೇಳರ ಪ್ರಾಯ, ಹಣೆ ಕೆನ್ನೆಗಳ ತುಂಬ ಕೆಂಪು ಗುಳ್ಳೆಗಳು. ಚರ್ಮರೋಗ ತಜ್ಞರನ್ನು ಕಾಣಲು ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ, ಒಂದು ದಿನದ ಪಾಠಕ್ಕೆ ಎರವು. ಔಷಧದ ಅಂಗಡಿಯಾದರೋ ಕಾಲೇಜಿನ ದಾರಿಯಲ್ಲಿಯೇ ಇದೆ. “ಅಣ್ಣಾ, ಮೊಡವೆಗೆ ಒಂದು ಮಾತ್ರೆ ಕೊಡಿ” ಎಂದರೆ ಹತ್ತು ಗುಳಿಗೆಗಳ ಪಟ್ಟಿಯೊಂದು ಕೈಗೆ ಬಂದರೂ ಬರಬಹುದು. ಕೆಲವು ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಮಾತ್ರೆ ಬಿಟ್ಟ ಮೇಲೆ ಗುಳ್ಳೆಗಳು ಮರಳುತ್ತವೆ. ಮತ್ತೆ ಅದೇ ಅಂಗಡಿ, ಅದೇ ಪಟ್ಟಿ. ಹೀಗೆ ವರ್ಷವೊಂದು ಕಳೆದುಹೋಗುವುದು ಕಷ್ಟವಲ್ಲ.

ಹಿರಿಯರು ಇದನ್ನು ಕೇಳಿ ನಗುವುದುಂಟು. “ಹರೆಯದ ಮೊಡವೆ ತಾನೆ, ತಾನಾಗಿಯೇ ಹೋಗುತ್ತದೆ” ಎಂದುಬಿಡುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಬಹುಮಂದಿಗೆ ಮೊಡವೆ ಹೋಗುತ್ತದೆ, ಸರಿ. ಆದರೆ ಆಳವಾದ ಗುಳ್ಳೆಗಳು ಬಿಟ್ಟುಹೋಗುವ ಕುಳಿಗಳು ಹೋಗುವುದಿಲ್ಲ. ಕನ್ನಡಿಗೆ ಹೆದರಿ ತರಗತಿಯ ಹಿಂದಿನ ಬೆಂಚನ್ನು ಸೇರುವ ಹುಡುಗಿಯ ಸಂಕಟವನ್ನು ಶೋಕಿಯೆಂದು ಕರೆಯುವುದು ನ್ಯಾಯವಲ್ಲ. ಮೊಡವೆಗೆ ಚಿಕಿತ್ಸೆ ಬೇಕು ಎಂಬುದರಲ್ಲಿ ವಿವಾದವಿಲ್ಲ. ಯಾವ ಚಿಕಿತ್ಸೆ, ಎಷ್ಟು ಕಾಲ ಎಂಬುದೇ ಪ್ರಶ್ನೆ.

ನಮ್ಮ ಚರ್ಮದಲ್ಲಿ ಪ್ರತಿಯೊಂದು ರೋಮದ ಬುಡಕ್ಕೂ ಅಂಟಿಕೊಂಡಂತೆ ಎಣ್ಣೆಯನ್ನು ಒಸರುವ ಚಿಕ್ಕ ಗ್ರಂಥಿಯೊಂದಿದೆ. ಮುಖದ ಮೇಲೆ ಇಂಥ ಗ್ರಂಥಿಗಳು ಚದರ ಸೆಂಟಿಮೀಟರಿಗೆ ನಾನೂರಕ್ಕೂ ಮೇಲ್ಪಟ್ಟು ಇರಬಹುದು. ಹರೆಯ ಬಂದೊಡನೆ ಗಂಡುಹಾರ್ಮೋನುಗಳ ಪ್ರಚೋದನೆಯಿಂದ (ಇವು ಹೆಣ್ಣುಮಕ್ಕಳ ದೇಹದಲ್ಲಿಯೂ ಸ್ವಲ್ಪ ಮಟ್ಟಿಗೆ ಉಂಟು) ಈ ಗ್ರಂಥಿಗಳು ಹಿಗ್ಗಿ ಹೆಚ್ಚು ಎಣ್ಣೆಯನ್ನು ಸುರಿಸತೊಡಗುತ್ತವೆ. ಅದೇ ಕಾಲಕ್ಕೆ ರೋಮರಂಧ್ರದ ಒಳಗೋಡೆಯ ಸತ್ತ ಜೀವಕೋಶಗಳು ಕಳಚಿ ಹೊರಬೀಳದೆ ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಬಿರಡೆಯ ತುದಿ ಕಪ್ಪಾಗಿ ಕಂಡರೆ ಅದು ಕೊಳೆಯಲ್ಲ. ಚರ್ಮದ ವರ್ಣದ್ರವ್ಯ ಮತ್ತು ಗಾಳಿ ತಾಗಿ ಬಣ್ಣಗೆಟ್ಟ ಎಣ್ಣೆ. ದಿನಕ್ಕೆ ಹತ್ತು ಬಾರಿ ಸೋಪು ಹಾಕಿ ಉಜ್ಜುವವರು ಇದನ್ನು ನೆನಪಿನಲ್ಲಿಡಬೇಕು.

ಬಿರಡೆಯ ಕೆಳಗೆ ಗಾಳಿಯಿಲ್ಲ, ಎಣ್ಣೆಯುಂಟು. ಇಂಥ ಸ್ಥಳವನ್ನೇ ಮೆಚ್ಚುವ ಬ್ಯಾಕ್ಟೀರಿಯವೊಂದಿದೆ. ಅದರ ಹೆಸರು ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್. ಅದು ಹೊರಗಿನಿಂದ ಬಂದ ಶತ್ರುವಲ್ಲ. ಮೊಡವೆಯಿಲ್ಲದ ನುಣುಪು ಮುಖದ ಮೇಲೂ ಅದು ವಾಸಿಸುತ್ತದೆ; ಎಣ್ಣೆ ಹೆಚ್ಚಿರುವ ಚರ್ಮದಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷದಷ್ಟಿದ್ದರೂ ಆಶ್ಚರ್ಯವಿಲ್ಲ. ಮುಚ್ಚಿದ ರಂಧ್ರದಲ್ಲಿ ಅದು ಎಣ್ಣೆಯನ್ನು ಒಡೆದು ಬದುಕುವಾಗ ಹೊರಬೀಳುವ ವಸ್ತುಗಳು ದೇಹದ ಕಾವಲುಪಡೆಯನ್ನು ಕೆರಳಿಸುತ್ತವೆ. ಬಿಳಿಯ ರಕ್ತಕಣಗಳು ಧಾವಿಸುತ್ತವೆ. ಕೆಂಪು, ಊತ, ನೋವು, ಕೀವು. ಆದುದರಿಂದ ಮೊಡವೆಯು ಸೋಂಕು ಎನ್ನುವುದಕ್ಕಿಂತ ಉರಿಯೂತ ಎನ್ನುವುದೇ ಹೆಚ್ಚು ಸರಿ.

ಇನ್ನು ಮಾತ್ರೆಯ ಕಡೆಗೆ ಬರೋಣ. ಮೊಡವೆಗೆ ಹೆಚ್ಚಾಗಿ ಕೊಡುವ ಪ್ರತಿಜೈವಿಕಗಳು ಟೆಟ್ರಸೈಕ್ಲಿನ್ ಎಂಬ ಮನೆತನಕ್ಕೆ ಸೇರಿದವು. ಇದರ ಮೂಲ ಮಣ್ಣು. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯದ ಸ್ಯಾನ್‌ಬಾರ್ನ್ ಹೊಲದಿಂದ ತಂದ ಮಣ್ಣಿನಲ್ಲಿದ್ದ, ಹೊನ್ನಿನ ಬಣ್ಣದ ಸೂಕ್ಷ್ಮಜೀವಿಯೊಂದರಿಂದ ಬೆಂಜಮಿನ್ ಡಗ್ಗರ್ ಎಂಬ ವೃದ್ಧ ಸಸ್ಯವಿಜ್ಞಾನಿ ಆರಿಯೋಮೈಸಿನ್ನನ್ನು ಪಡೆದು ೧೯೪೮ರಲ್ಲಿ ಲೋಕಕ್ಕೆ ತಿಳಿಸಿದನು. ಅವನು ದುಡಿಯುತ್ತಿದ್ದ ಲೆಡರ್ಲೆ ಪ್ರಯೋಗಶಾಲೆಗಳ ಸಂಶೋಧನೆಗೆ ನಿರ್ದೇಶಕರಾಗಿದ್ದವರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು. ಇದರ ಸಂತತಿಯಾದ ಡಾಕ್ಸಿಸೈಕ್ಲಿನ್ ೧೯೬೭ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಇಂದು ಮೊಡವೆಗೆ ವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಇದೇ ಮುಖ್ಯವಾದುದು.

ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯವನ್ನು ನೇರವಾಗಿ ಕೊಲ್ಲುವುದಕ್ಕಿಂತ ಅದರ ಕಾರ್ಖಾನೆಗೆ ಬೀಗ ಹಾಕುತ್ತದೆ. ಪ್ರೋಟೀನುಗಳನ್ನು ಹೆಣೆಯುವ ರೈಬೋಸೋಮ್ ಎಂಬ ಕಣಕ್ಕೆ ಅಂಟಿಕೊಂಡು ಹೆಣಿಗೆಯನ್ನು ನಿಲ್ಲಿಸುತ್ತದೆ. ಬ್ಯಾಕ್ಟೀರಿಯದ ಬೆಳವಣಿಗೆ ನಿಲ್ಲುತ್ತದೆ. ಆದರೆ ಇದಕ್ಕಿಂತ ಕುತೂಹಲಕರವಾದ ಇನ್ನೊಂದು ಗುಣವಿದೆ. ಈ ಔಷಧವು ಬಿಳಿಯ ರಕ್ತಕಣಗಳ ಧಾವಂತವನ್ನೂ, ಅಂಗಾಂಶವನ್ನು ಕೊರೆಯುವ ಕೆಲವು ಕಿಣ್ವಗಳನ್ನೂ ತಗ್ಗಿಸುತ್ತದೆ. ೨೦೦೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರು ತಿಂಗಳ ಕಾಲ ದಿನಕ್ಕೆ ಎರಡು ಸಲ ಕೇವಲ ೨೦ ಮಿಲಿಗ್ರಾಂ ಕೊಟ್ಟು ನೋಡಿದರು. ಈ ಪ್ರಮಾಣವು ಬ್ಯಾಕ್ಟೀರಿಯವನ್ನು ತಡೆಯಲು ಸಾಲದು. ಚರ್ಮದ ಮೇಲಣ ಜೀವಿಗಳ ಸಂಖ್ಯೆಯಲ್ಲಿ ಗಮನಾರ್ಹ ವ್ಯತ್ಯಾಸವೂ ಕಾಣಲಿಲ್ಲ. ಆದರೂ ಮೊಡವೆ ತಗ್ಗಿತು! ನಾವು ಜೀವಿನಾಶಕವೆಂದು ನುಂಗುವ ಮಾತ್ರೆ ಮೊಡವೆಯ ಮಟ್ಟಿಗೆ ಬಹುಪಾಲು ಉರಿ ಶಮನದ ಕೆಲಸವನ್ನೇ ಮಾಡುತ್ತಿರಬಹುದೆಂದು ತೋರುತ್ತದೆ.

ಪದಾರ್ಥವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ತಮಗೆ ಪರಿಚಿತವಾದ ಲೆಕ್ಕವೊಂದನ್ನು ಮಾಡಿ ನೋಡಬಹುದು. ವಿಕಿರಣಶೀಲ ಧಾತುವಿಗೆ ಅರ್ಧಾಯು ಇರುವಂತೆ ದೇಹದೊಳಗಿನ ಔಷಧಕ್ಕೂ ಅರ್ಧಾಯು ಉಂಟು. ಡಾಕ್ಸಿಸೈಕ್ಲಿನ್ನಿನ ಅರ್ಧಾಯು ಸುಮಾರು ೧೮ ಗಂಟೆ. ಹಾಗಾದರೆ ೨೪ ಗಂಟೆಗಳ ಬಳಿಕ ಉಳಿಯುವುದು ಸುಮಾರು ನೂರಕ್ಕೆ ನಲವತ್ತು ಪಾಲು. ಮೊದಲನೆಯ ದಿನ ೧೦೦ ಮಿಲಿಗ್ರಾಂ ನುಂಗಿದರೆ ಮರುದಿನ ೪೦ ಉಳಿದಿರುತ್ತದೆ. ಅದರ ಮೇಲೆ ಮತ್ತೆ ೧೦೦, ಒಟ್ಟು ೧೪೦. ಮೂರನೆಯ ದಿನ ೫೬ಕ್ಕೆ ೧೦೦ ಸೇರಿ ೧೫೬. ಹೀಗೆ ಏರುತ್ತಾ ೧೬೬ರ ಸಮೀಪ ಬಂದು ನಿಲ್ಲುತ್ತದೆ. ಇದು ಗುಣೋತ್ತರ ಶ್ರೇಢಿಯ ಮೊತ್ತವೆಂದು ಗಣಿತ ಬಲ್ಲವರು ಗುರುತಿಸಿರುತ್ತಾರೆ. ನುಂಗಿದುದೆಲ್ಲವೂ ರಕ್ತಕ್ಕೆ ಸೇರುತ್ತದೆಂದು ಹಿಡಿದ ಸ್ಥೂಲ ಲೆಕ್ಕವಿದು. ಆದರೂ ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ: ಮಾತ್ರೆ ನಡೆಯುತ್ತಿರುವಷ್ಟು ಕಾಲವೂ ಔಷಧವಿಲ್ಲದ ಗಳಿಗೆಯೊಂದು ದೇಹದಲ್ಲಿ ಇರುವುದಿಲ್ಲ. ಮುಖಕ್ಕೆ ಹೋದಂತೆಯೇ ಅದು ಗಂಟಲಿಗೆ, ಕರುಳಿಗೆ, ಬೆನ್ನಿಗೆ, ಅಂಗಾಲಿಗೆ ಹೋಗುತ್ತದೆ. ರಕ್ತಕ್ಕೆ ಮೂಗಿನ ಮೇಲಿನ ಮೊಡವೆಯ ವಿಳಾಸ ಗೊತ್ತಿಲ್ಲ.

ಕರುಳಿನಲ್ಲಿಯೂ ಗಂಟಲಿನಲ್ಲಿಯೂ ಬ್ಯಾಕ್ಟೀರಿಯಗಳು ತಂಡತಂಡವಾಗಿ ಬದುಕುತ್ತಿವೆ. ಇವುಗಳಲ್ಲಿ ಹುಟ್ಟಿನಿಂದಲೇ ಔಷಧಕ್ಕೆ ಜಗ್ಗದ ಕೆಲವು ಇದ್ದರೆ, ಔಷಧವು ಉಳಿದವುಗಳನ್ನು ಅಡಗಿಸಿ ಈ ಕೆಲವಕ್ಕೆ ಜಾಗ ಬಿಡಿಸಿಕೊಡುತ್ತದೆ. ಕಳೆ ಕಿತ್ತ ಗದ್ದೆಯಲ್ಲಿ ಬತ್ತ ಹುಲುಸಾಗುವ ಹಾಗೆ. ಆದರೆ ಇಲ್ಲಿ ಕಿತ್ತುದು ಬತ್ತ, ಉಳಿದುದು ಕಳೆ. ಇಷ್ಟೇ ಅಲ್ಲ. ಬ್ಯಾಕ್ಟೀರಿಯಗಳು ತಮ್ಮ ನಿರೋಧಶಕ್ತಿಯ ಜೀನುಗಳನ್ನು ನೆರೆಯ ಬೇರೆ ಜಾತಿಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ಮೊಡವೆಯ ಬ್ಯಾಕ್ಟೀರಿಯದಲ್ಲಿಯೇ ಎರಿತ್ರೊಮೈಸಿನ್ ಮತ್ತು ಕ್ಲಿಂಡಮೈಸಿನ್‌ಗಳಿಗೆ ನಿರೋಧ ಬಂದಿರುವುದನ್ನು ೧೯೭೯ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ೨೦೦೫ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ಪರಿಶೀಲಿಸಿ, ಮೊಡವೆಗೆ ದೀರ್ಘಕಾಲ ಪ್ರತಿಜೈವಿಕ ಬಳಸಿದವರಲ್ಲಿ ಮೂಗು ಗಂಟಲುಗಳ ಸೋಂಕು ಬರುವ ಸಂಭವ ಇತರ ಮೊಡವೆಯವರಿಗಿಂತ ಸುಮಾರು ಎರಡು ಪಟ್ಟು ಎಂದು ಕಂಡುಕೊಂಡಿತು. ಮಾತ್ರೆಯೇ ಅದಕ್ಕೆ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗುವುದಿಲ್ಲ. ಆದರೆ ಎಚ್ಚರಕ್ಕೆ ಇಷ್ಟು ಸಾಕು.

ಸೊರಬದ ಸೀಮೆಯವರಿಗೆ ಈ ಮಾತು ಇನ್ನೂ ಹತ್ತಿರದ್ದು. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸತ್ತುಬಿದ್ದು, ಜನರಿಗೂ ಜ್ವರ ತಗಲಿ, ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹೊಸದೊಂದು ವೈರಸ್ಸನ್ನು ಪತ್ತೆ ಮಾಡಿದರು. ಉಣುಗು ಕಚ್ಚಿ ಬರುವ ಈ ಮಂಗನ ಕಾಯಿಲೆಯ ಮೇಲೆ ಯಾವ ಪ್ರತಿಜೈವಿಕವೂ ನಡೆಯುವುದಿಲ್ಲ, ಏಕೆಂದರೆ ಬೀಗ ಹಾಕಲು ವೈರಸ್ಸಿಗೆ ಸ್ವಂತ ಕಾರ್ಖಾನೆಯೇ ಇಲ್ಲ. ಆದರೆ ಮಲೆನಾಡಿನಲ್ಲಿ ಕಂಡುಬರುವ ಬೇರೆ ಎರಡು ಜ್ವರಗಳಿವೆ. ಕೆಸರುಗದ್ದೆಯಲ್ಲಿ ದುಡಿಯುವವರಿಗೆ ಇಲಿಯ ಮೂತ್ರ ಬೆರೆತ ನೀರಿನಿಂದ ತಗಲುವ ಇಲಿ ಜ್ವರ ಒಂದು. ಪೊದೆಗಳಲ್ಲಿನ ಸಣ್ಣ ಹುಳುವಿನ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಇನ್ನೊಂದು. ಸ್ಕ್ರಬ್ ಟೈಫಸ್ಸಿಗೆ ಮೊದಲು ಕೊಡುವ ಔಷಧ ಡಾಕ್ಸಿಸೈಕ್ಲಿನ್. ಸೌಮ್ಯ ಸ್ವರೂಪದ ಇಲಿ ಜ್ವರಕ್ಕೂ ಅದೇ. ಮಗನು ಮುಖದ ಕಾಂತಿಗಾಗಿ ನುಂಗುವ ಗುಳಿಗೆಯೂ ಸಸಿ ನೆಟ್ಟು ಬಂದು ಜ್ವರದಿಂದ ಮಲಗಿದ ತಾಯಿಯ ಪ್ರಾಣ ಉಳಿಸುವ ಗುಳಿಗೆಯೂ ಒಂದೇ. ಇದನ್ನು ಸ್ನೋ ಪೌಡರುಗಳ ಸಾಲಿಗೆ ಸೇರಿಸಲಾಗದು.

ಹಾಗೆಂದು ಮಾತ್ರೆಯನ್ನು ತ್ಯಜಿಸಬೇಕೆಂದಲ್ಲ. ಗುಳ್ಳೆಗಳು ಹಲವಾಗಿ, ಊದಿ, ಕಲೆ ಬೀಳುವ ಹಂತದಲ್ಲಿದ್ದರೆ ವೈದ್ಯರು ಇದನ್ನು ಕೊಡುವುದು ಸರಿಯೇ. ಗುಣ ಕಾಣಲು ಆರೆಂಟು ವಾರ ಬೇಕು. ಮೂರನೆಯ ದಿನವೇ ಕನ್ನಡಿ ಹಿಡಿದು ನಿರಾಶರಾಗಬಾರದು. ಸಾಮಾನ್ಯವಾಗಿ ಹನ್ನೆರಡು ವಾರಗಳಿಗೆ ವೈದ್ಯರು ಮತ್ತೆ ನೋಡುತ್ತಾರೆ. ಬ್ರಿಟನ್ನಿನ ೨೦೨೧ರ ಮಾರ್ಗಸೂಚಿಯು, ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಆರು ತಿಂಗಳನ್ನು ಮೀರಬಾರದೆಂದು ವಿಧಿಸುತ್ತದೆ. ಮಾತ್ರೆಯೊಂದನ್ನೇ ಕೊಡುವುದೂ ಸಲ್ಲದು. ಜೊತೆಗೆ ಮುಖಕ್ಕೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಇರಬೇಕು. ಇದು ರಂಧ್ರದೊಳಗೆ ಆಕ್ಸಿಜನ್ನನ್ನು ಬಿಡುತ್ತದೆ. ಗಾಳಿಯೊಲ್ಲದ ಬ್ಯಾಕ್ಟೀರಿಯಕ್ಕೆ ಅದು ಸುಟ್ಟಂತೆ. ಈ ಸುಡುವಿಕೆಗೆ ನಿರೋಧ ಬೆಳೆಸಿಕೊಂಡ ಉದಾಹರಣೆ ಕಂಡುಬಂದಿಲ್ಲ. ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ ಎಂಬುದೊಂದೇ ಗೃಹಿಣಿಯರ ದೂರು. ಬಿರಡೆ ಸಡಿಲಿಸಲು ಅಡಾಪಲೀನ್ ಎಂಬ ಲೇಪವನ್ನು ರಾತ್ರಿ ಹಚ್ಚುವುದುಂಟು.

ಮಾತ್ರೆ ನುಂಗುವ ಕ್ರಮದಲ್ಲಿಯೂ ರಸಾಯನಶಾಸ್ತ್ರವಿದೆ. ಟೆಟ್ರಸೈಕ್ಲಿನ್ ಮನೆತನದ ಅಣುಗಳು ಕ್ಯಾಲ್ಸಿಯಂ ಮತ್ತು ಕಬ್ಬಿಣಗಳನ್ನು ಕಂಡರೆ ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಅಪ್ಪಿಕೊಂಡುದು ರಕ್ತಕ್ಕೆ ಸೇರುವುದಿಲ್ಲ. ೨೦೧೩ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಂತೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಬೆಳಗ್ಗೆ ಹಾಲು ಕೊಡುತ್ತಾರೆ. ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆಯೂ ಉಂಟು. ಎರಡೂ ಒಳ್ಳೆಯವೇ, ಆದರೆ ಈ ಗುಳಿಗೆಯೊಡನೆ ಒಂದೇ ಹೊತ್ತಿಗೆ ಬೇಡ; ಎರಡು ಮೂರು ಗಂಟೆಗಳ ಅಂತರವಿರಲಿ. ಗುಳಿಗೆಯನ್ನು ಲೋಟದ ತುಂಬ ನೀರಿನೊಡನೆ ನುಂಗಬೇಕು. ಒಂದು ಗುಟುಕಿನಲ್ಲಿ ನುಂಗಿ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಈ ಔಷಧವು ಚರ್ಮವನ್ನು ಬಿಸಿಲಿಗೆ ಎಳಸಾಗಿಸುತ್ತದೆ. ಇಲ್ಲಿ ದೋಷಿ ನೀಲಲೋಹಿತಾತೀತ ಕಿರಣಗಳ ಪೈಕಿ ‘ಎ’ ವರ್ಗದವು. ಇವು ಮೋಡವನ್ನೂ ಸ್ವಲ್ಪಮಟ್ಟಿಗೆ ತೂರಿ ಬರುವುದರಿಂದ ಮಳೆಗಾಲದ ಮಬ್ಬನ್ನು ಪೂರ್ತಿ ನಂಬುವಂತಿಲ್ಲ.

ಕ್ಯಾಲ್ಸಿಯಂ ಮೇಲಿನ ಮೋಹ ಮೂಳೆ ಹಲ್ಲುಗಳನ್ನೂ ಬಿಡುವುದಿಲ್ಲ. ಬೆಳೆಯುವ ಹಲ್ಲಿನಲ್ಲಿ ಟೆಟ್ರಸೈಕ್ಲಿನ್ ಕುಳಿತು ಅಳಿಯದ ಹಳದಿ ಕಂದು ಕಲೆ ಮಾಡಬಲ್ಲದಾದ ಕಾರಣ ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಈ ಮನೆತನದ ಔಷಧಗಳನ್ನು ಮೊಡವೆಗಾಗಿ ಕೊಡುವುದಿಲ್ಲ. ಮೂಳೆಯಲ್ಲಿ ಕುಳಿತ ಟೆಟ್ರಸೈಕ್ಲಿನ್ ನೀಲಲೋಹಿತಾತೀತ ಬೆಳಕಿನಲ್ಲಿ ಹಳದಿ ಹಸುರಾಗಿ ಹೊಳೆಯುತ್ತದೆ. ೧೯೮೦ರಲ್ಲಿ ಸುಡಾನಿನ ನುಬಿಯಾ ಪ್ರದೇಶದ ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನ ಅಸ್ಥಿಗಳಲ್ಲಿ ಇಂಥ ಹೊಳಪನ್ನು ಕಂಡು ವಿಜ್ಞಾನಿಗಳು ಬೆರಗಾದರು. ಆ ಜನ ಕುಡಿಯುತ್ತಿದ್ದ ಧಾನ್ಯದ ಮದ್ಯದಲ್ಲಿ ಟೆಟ್ರಸೈಕ್ಲಿನ್ ತಯಾರಿಸುವ ಸೂಕ್ಷ್ಮಜೀವಿ ಬೆಳೆದಿದ್ದಿರಬೇಕೆಂಬುದು ಅವರ ಊಹೆ. ಡಗ್ಗರನಿಗಿಂತ ಎಷ್ಟು ಶತಮಾನ ಮುಂಚೆ!

ಅಂಗಡಿಯ ಮಾತಿಗೆ ಮರಳಿದರೆ, ಡಾಕ್ಸಿಸೈಕ್ಲಿನ್ ನಮ್ಮ ದೇಶದ ಔಷಧ ನಿಯಮಗಳ ‘ಎಚ್’ ಅನುಸೂಚಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇದಕ್ಕೆ ಬದಲಾಗಿ ಅಂಗಡಿಯವನು “ಹೊಟ್ಟೆಗೆ ಬೇಡವಾದರೆ ಇದನ್ನು ಹಚ್ಚು” ಎಂದು ಕೊಡುವ ಮುಲಾಮಿನಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಇನ್ನೂ ಕೆಡುಕು: ಮೊದಲು ಮುಖ ಬೆಳ್ಳಗಾಗಿ, ಬಳಿಕ ಚರ್ಮ ತೆಳ್ಳಗಾಗಿ, ಮೊಡವೆ ದುಪ್ಪಟ್ಟಾಗುತ್ತದೆ. ೨೦೧೮ರಲ್ಲಿ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನೂ ಅದೇ ಅನುಸೂಚಿಗೆ ಸೇರಿಸಲಾಯಿತು. ಶಿವಮೊಗ್ಗೆಗೆ ಹೋಗಿಬರುವ ಒಂದು ದಿನ ಈ ದೃಷ್ಟಿಯಿಂದ ದುಬಾರಿಯೇನಲ್ಲ. ಹೋಗುವಾಗ ಈವರೆಗೆ ನುಂಗಿದ, ಹಚ್ಚಿದ ಎಲ್ಲದರ ಪಟ್ಟಿಗಳನ್ನೂ ಕೊಳವೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋದರೆ ವೈದ್ಯರ ಕೆಲಸ ಹಗುರವಾಗುತ್ತದೆ. ಹನ್ನೆರಡನೆಯ ವಾರದಲ್ಲಿ ಅವರು ಮಾತ್ರೆ ನಿಲ್ಲಿಸಿ ಎಂದಾಗ ಲೇಪವನ್ನೂ ನಿಲ್ಲಿಸಬಹುದೇ ಎಂದು ಕೇಳಿ ತಿಳಿಯಬೇಕು; ಬಹಳ ಮಟ್ಟಿಗೆ ಅವರು ಲೇಪವನ್ನು ಇನ್ನೂ ಹಲವು ತಿಂಗಳು ಮುಂದುವರಿಸಲು ಹೇಳುತ್ತಾರೆ.